ಬಿದ್ದ ಮಳೆ ಕೆರೆ ಸೇರುವ ದಾರಿ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳು ಬತ್ತಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ, ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತ ಹೆಂಗಸರ ಚಿತ್ರ, ಜೊತೆಗೆ ಮಳೆ ಕೈಕೊಟ್ಟಿತು, ಹವಾಮಾನವೇ ಬದಲಾಗಿದೆ ಎನ್ನುವ ಒಂದು ಹೇಳಿಕೆ. ಅಧಿಕಾರಿಗಳು, ಜನಪ್ರತಿನಿಧಿಗಳು, ನಮ್ಮ ಅರಳಿಕಟ್ಟೆಯ ಮೇಲೆ ಕೂತು ಮಾತನಾಡುವವರು, ಎಲ್ಲರೂ ಈ ಮಾತನ್ನೇ ಹೇಳುತ್ತಾರೆ. ಮಳೆಯೇ ಇಲ್ಲವೆಂದ ಮೇಲೆ ನೀರನ್ನು ಹೊರಗಿನಿಂದ ತರಬೇಕು ಎಂಬ ಪರಿಹಾರಕ್ಕೂ ಯಾರ ತಕರಾರೂ ಇರುವುದಿಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ರಾಗಿ, ಟೊಮೆಟೊ ಬೆಳೆದುಕೊಂಡು ಬದುಕುತ್ತಿರುವ ನನಗೆ ಈ ವಿವರಣೆ ಅರೆಬರೆ ಎನಿಸುತ್ತದೆ. ಹವಾಮಾನ ಬದಲಾಗುತ್ತಿರುವುದು ನಿಜ, ಅದರ ಪೆಟ್ಟು ಕೆರೆಗಳ ಮೇಲೆ ಬೀಳುತ್ತಿರುವುದೂ ನಿಜ. ಆದರೆ ಬಿದ್ದ ಮಳೆ ಕೆರೆಗೆ ತಲುಪುವ ದಾರಿಯನ್ನು ಮುಚ್ಚಿದವರು ನಾವು. ಆ ದಾರಿ ತೆರೆಯದೆ ಎಷ್ಟು ಕೋಟಿ ಸುರಿದರೂ ಕೆರೆ ಉಳಿಯುವುದಿಲ್ಲ ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ನಂದಿಬೆಟ್ಟದ ಸಾಲಿನಲ್ಲಿ, ಅದರ ಆಸುಪಾಸಿನಲ್ಲಿ ಹುಟ್ಟಿ, ಮಳೆ ಬಂದಾಗ ಹರಿದು, ಆಂಧ್ರಕ್ಕೋ ತಮಿಳುನಾಡಿಗೋ ಹೋಗುತ್ತವೆ. ಇದನ್ನು ಅರಿತೇ ನಮ್ಮ ಹಿರಿಯರು ಹಳ್ಳವೊಂದು ಸಿಕ್ಕಿದ ಕಡೆಯೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಈ ನಾಡಿನಲ್ಲಿ ಕೆರೆಗಳಿವೆ ಎಂದು ಬರೆದಿದ್ದರು. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಿಗೆಯಾಗಿ, ಅದನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟವಾಗಿ ಭೂಮಿ ಬಿಟ್ಟ ಶಾಸನಗಳು ಈ ಭಾಗದಲ್ಲಿ ಬೇಕಾದಷ್ಟು ಸಿಗುತ್ತವೆ. ಕೆರೆ ಕಟ್ಟುವುದು ಒಂದು ದಿನದ ಪುಣ್ಯ, ಅದನ್ನು ಕಾಯುವುದು ತಲೆತಲಾಂತರದ ಖರ್ಚು ಎಂಬ ತಿಳಿವಳಿಕೆ ಆ ದಾನಗಳ ಹಿಂದೆ ಇತ್ತು.

ಈ ಕೆರೆಗಳ ರಚನೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಎಂದರೆ ಅವು ಒಂಟಿಯಾಗಿಲ್ಲ, ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡಿವೆ. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಟ್ಟಗುಡ್ಡಗಳ ಕಡೆಯಿಂದ, ಗೋಮಾಳದ ಕಡೆಯಿಂದ ಬರುವ ಸಣ್ಣ ಸಣ್ಣ ಓಣಿಗಳೂ ಹಳ್ಳಗಳೂ ರಾಜಕಾಲುವೆಗೆ ಕೂಡಿಕೊಳ್ಳುತ್ತವೆ. ಏರಿ, ತೂಬು, ಕೋಡಿ ಮೂರೂ ಗಟ್ಟಿಮುಟ್ಟಾಗಿದ್ದು ಈ ಕಾಲುವೆ ಮಾತ್ರ ಮುಚ್ಚಿಹೋಗಿದ್ದರೆ ಅದು ನೀರಿಲ್ಲದ ಬರೀ ತಗ್ಗು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369ರ ವಿಜಯನಗರ ಕಾಲದ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಪಟ್ಟಿ ಮಾಡಲಾಗಿದೆ. ಅಂಗಳ ವಿಶಾಲವಾಗಿದ್ದು ಬರುವ ನೀರು ಅಲ್ಪವಾಗಿರುವುದು ಆ ದೋಷಗಳಲ್ಲಿ ಒಂದು. ಇಂದು ನಮ್ಮ ಬಹುಪಾಲು ಕೆರೆಗಳಿಗೆ ತಗುಲಿರುವುದು ಇದೇ ದೋಷ.

ಮಳೆ ಇಲ್ಲ ಎನ್ನುವವರಿಗಾಗಿ ಒಂದು ಸರಳ ಲೆಕ್ಕ. ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ವಾರ್ಷಿಕ ಸರಾಸರಿ ಮಳೆಯನ್ನು 700 ಮಿಲಿಮೀಟರ್ ಎಂದು ಇಟ್ಟುಕೊಂಡರೂ ಜಿಲ್ಲೆಯ ನೆಲದ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಹೆಚ್ಚುಕಡಿಮೆ 99 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಇದರಲ್ಲಿ ಬಹುಪಾಲು ಮಣ್ಣಿಗೆ, ಬೆಳೆಗೆ, ಗಿಡಮರಗಳಿಗೆ, ಮತ್ತೆ ಗಾಳಿಗೆ ಹೋಗುವುದು ಸಹಜ. ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಕೆರೆ ಸೇರಿತೆಂದುಕೊಂಡರೂ ಅದು ಹತ್ತಿರ ಹತ್ತಿರ 10 ಟಿಎಂಸಿ ಆಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ತರುವ ಕೆ.ಸಿ. ವ್ಯಾಲಿ ಯೋಜನೆಯ ಪೂರ್ಣ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಒಂದು ದಿನವೂ ಪಂಪು ನಿಲ್ಲದೆ ವರ್ಷಪೂರ್ತಿ ಹರಿದರೂ ಅದು ಆರು ಟಿಎಂಸಿ ಮುಟ್ಟುವುದಿಲ್ಲ. ನಾನು ಆ ಯೋಜನೆಯ ವಿರೋಧಿಯಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ನಮ್ಮ ತಲೆಯ ಮೇಲೆಯೇ ಬೀಳುವ ನೀರಿನ ಪ್ರಮಾಣ ಎಷ್ಟು ಎಂಬುದು ನಮಗೇ ಮರೆತುಹೋಗಿದೆ ಎಂಬುದನ್ನು ತೋರಿಸಲು ಮಾತ್ರ ಈ ಲೆಕ್ಕ.

ಹಾಗಾದರೆ ಹವಾಮಾನದ ಪಾತ್ರವೇನು? ಮಳೆಯ ಒಟ್ಟು ಮೊತ್ತಕ್ಕಿಂತ ಅದು ಬರುವ ರೀತಿಯಲ್ಲಿ ಆಗುತ್ತಿರುವ ವ್ಯತ್ಯಾಸವನ್ನು ನೋಡಬೇಕು. ನಮ್ಮ ಕಡೆ ಮುಂಗಾರಿನಲ್ಲಿ ರಾಗಿ ಬಿತ್ತನೆ ಆಗುತ್ತದೆಯೇ ಹೊರತು ಕೆರೆ ತುಂಬುವುದು ಅಪರೂಪ. ಹಸ್ತ, ಚಿತ್ತ, ಸ್ವಾತಿ ಮಳೆಗಳಲ್ಲಿ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಹಿಡಿಯುವ ಜಡಿಮಳೆಯಲ್ಲಿ ಕೆರೆಗೆ ನೀರು ಬರುತ್ತಿತ್ತು. ನೆಲ ಚೆನ್ನಾಗಿ ನೆನೆದ ಮೇಲೆ ಬೀಳುವ ಆ ಮಳೆ ಮೆಲ್ಲಗೆ, ಹೆಚ್ಚು ಮಣ್ಣು ಕೊಚ್ಚದೆ ಹರಿದು ಬರುತ್ತಿತ್ತು. ಈಗ ವಾರಗಟ್ಟಲೆ ಬಿಸಿಲು, ನಂತರ ಒಂದೆರಡು ಗಂಟೆಯಲ್ಲಿ ಆರ್ಭಟಿಸಿ ಸುರಿದು ಹೋಗುವ ಮಳೆ. ಗಾಳಿಯ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಶೇಕಡ 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಆದ್ದರಿಂದ ಮಳೆ ಬಂದಾಗ ಒಮ್ಮೆಲೇ ಜೋರಾಗಿ ಬರುವುದನ್ನು ನಿರೀಕ್ಷಿಸಲೇಬೇಕು. ಭಾರತದ ಸರಾಸರಿ ತಾಪಮಾನ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯವೇ 2020ರಲ್ಲಿ ಪ್ರಕಟಿಸಿದ ಹವಾಮಾನ ವರದಿ ಹೇಳಿದೆ. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯುವಂತೆ ಮಳೆ ಸುರಿಯಿತು. ಅದಾದ ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅತಿವೃಷ್ಟಿ ಮತ್ತು ಅನಾವೃಷ್ಟಿ ಹೀಗೆ ಬೆನ್ನುಬೆನ್ನಿಗೆ ಬರುವ ಕಾಲದಲ್ಲಿ ಒಂದು ವರ್ಷದ ನೀರನ್ನು ಮುಂದಿನ ವರ್ಷಕ್ಕೆ ಕಾಪಿಡುವ ಕೆರೆಯ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ.

ಬಿಸಿಲಿನ ಇನ್ನೊಂದು ಪೆಟ್ಟು ಆವಿಯಾಗುವಿಕೆಯದು. ನೂರು ಎಕರೆ ನೀರಿನ ಹರವಿರುವ ಕೆರೆಯಿಂದ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ ಹೋಗುವ ನೀರು 20 ಲಕ್ಷ ಲೀಟರ್. ಜನವರಿಯಿಂದ ಮೇ ಕೊನೆಯವರೆಗೆ ದಿನಕ್ಕೆ ಸರಾಸರಿ ಆರು ಮಿಲಿಮೀಟರ್ ಎಂದು ಹಿಡಿದರೂ ಯಾರೂ ಒಂದು ಬಿಂದಿಗೆ ಎತ್ತದೆಯೇ ಕೆರೆಯ ನೀರು ಮೂರು ಅಡಿ ಇಳಿಯುತ್ತದೆ. ಹತ್ತು ಅಡಿ ನೀರು ನಿಲ್ಲುವ ಕೆರೆಯಲ್ಲಿ ಮೂರು ಅಡಿ ಹೋದರೆ ಏಳು ಅಡಿ ಉಳಿದು ದನಕರುಗಳಿಗೆ, ಸುತ್ತಲಿನ ಬಾವಿಗಳಿಗೆ ಆಸರೆಯಾಗುತ್ತದೆ. ಹೂಳು ತುಂಬಿ ನಾಲ್ಕೇ ಅಡಿ ನೀರು ನಿಲ್ಲುವ ಕೆರೆಯಲ್ಲಿ ಮೂರು ಅಡಿ ಹೋದರೆ ಉಳಿಯುವುದು ಕೆಸರು. ಬಿಸಿಲು ಎರಡಕ್ಕೂ ಒಂದೇ. ಒಂದು ಕೆರೆ ಬೇಸಿಗೆ ದಾಟುತ್ತದೆ, ಇನ್ನೊಂದು ದಾಟುವುದಿಲ್ಲ. ಹವಾಮಾನದ ತಪ್ಪೆಷ್ಟು, ಮನುಷ್ಯನ ತಪ್ಪೆಷ್ಟು ಎಂದು ತಕ್ಕಡಿ ಹಿಡಿದು ಬೇರೆ ಬೇರೆ ತೂಗುವುದು ಕಷ್ಟವಾಗಿರುವುದು ಈ ಕಾರಣಕ್ಕೆ.

ಈಗ ಕಾಲುವೆಯ ಮಾತಿಗೆ ಬರುತ್ತೇನೆ. ನಮ್ಮೂರ ಕೆರೆಗೆ ನೀರು ತರುವ ರಾಜಕಾಲುವೆ ಉತ್ತರದ ಗುಡ್ಡದ ಬುಡದಿಂದ ಹೊರಟು ಗೋಮಾಳ ಹಾಯ್ದು ಬರುತ್ತದೆ. ಗ್ರಾಮದ ನಕ್ಷೆಯಲ್ಲಿ ಅದು ಒಂದೇ ಎಳೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಜಾಡಿನಲ್ಲಿ ಕಾಲ್ನಡಿಗೆಯಲ್ಲಿ ಹೋದರೆ ಬೇರೆಯದೇ ನೋಟ. ಗುಡ್ಡದ ಕೆಳಗೆ ಕಲ್ಲುಕ್ವಾರಿಯ ದೂಳು, ತ್ಯಾಜ್ಯ ಕಲ್ಲುಗಳ ರಾಶಿ ಬಿದ್ದು ಮೊದಲ ಓಣಿ ಮುಚ್ಚಿದೆ. ಅಲ್ಲಿಂದ ಕೆಳಗೆ ನೀಲಗಿರಿ ತೋಪಿನ ಮಾಲೀಕರು ಕಾಲುವೆಗೆ ಅಡ್ಡಲಾಗಿ ಟ್ರೆಂಚ್ ತೋಡಿಸಿದ್ದಾರೆ. ಮುಂದೆ ಇಬ್ಬರು ರೈತರ ಜಮೀನಿನ ನಡುವೆ ಕಾಲುವೆ ಎರಡು ಮಾರು ಅಗಲದಿಂದ ಒಂದು ಗೇಣಿನ ಬದುವಾಗಿದೆ. ವರ್ಷಕ್ಕೊಂದು ನೇಗಿಲ ಸಾಲು ಎರಡೂ ಕಡೆಯಿಂದ ಒತ್ತುತ್ತಾ ಬಂದದ್ದರ ಫಲ ಇದು, ಇಬ್ಬರೂ ನಮ್ಮವರೇ, ಯಾರೂ ದುಷ್ಟರಲ್ಲ. ಅದರಿಂದಾಚೆ ರಸ್ತೆ ಏರಿಸಿ ಡಾಂಬರು ಹಾಕಿದಾಗ ಇಟ್ಟ ಸಿಮೆಂಟ್ ಪೈಪು ಕಾಲುವೆಯ ತಳಕ್ಕಿಂತ ಮೊಣಕಾಲೆತ್ತರ ಮೇಲಿದೆ, ಹಾಗಾಗಿ ನೀರು ಅಲ್ಲೇ ನಿಂತು ಕೊಳೆಯುತ್ತದೆ. ಕೊನೆಗೆ ಕೆರೆಯ ಬಾಯಿಗೆ ಬಂದರೆ ಬಳ್ಳಾರಿ ಜಾಲಿಯ ಪೊದೆ, ಅದರೊಳಗೆ ಪೇಟೆಯ ಕೋಳಿ ಅಂಗಡಿಗಳ ಕಸ. ಇಷ್ಟೆಲ್ಲ ದಾಟಿ ಕೆರೆ ಸೇರುವ ನೀರು ಎಷ್ಟಿರಬಹುದು? ಒಳ್ಳೆಯ ಮಳೆಯಾದ ಮರುದಿನವೂ ಏರಿಯ ಮೇಲೆ ನಿಂತರೆ ಕಾಣುವುದು ತೂಬಿನ ಕಲ್ಲುಕಂಬದ ಬುಡದಲ್ಲಿ ಹರಡಿದ ಕೆಂಪು ನೀರಿನ ಮಡು ಮಾತ್ರ. ಆ ಕಂಬದ ಮೇಲೆ ಹಳೆಯ ನೀರಿನ ಮಟ್ಟದ ಗುರುತು ಆಳೆತ್ತರದಲ್ಲಿ ಇಂದಿಗೂ ಇದೆ.

ಕೆರೆಯ ಒಳಗೆ ನಡೆದದ್ದೂ ಕಡಿಮೆಯಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಮರಳು ಸಾಲದೆ ಬಂದಾಗ ನಮ್ಮ ಕಡೆ ಕೆರೆಯಂಗಳದ, ಹೊಲಗಳ ಮಣ್ಣನ್ನು ಅಗೆದು ನೀರಿನಲ್ಲಿ ತೊಳೆದು ಫಿಲ್ಟರ್ ಮರಳು ತೆಗೆಯುವ ದಂಧೆ ಹುಟ್ಟಿಕೊಂಡಿತು. ಮರಳು ಲಾರಿಯಲ್ಲಿ ಹೋಯಿತು, ತೊಳೆದ ಜೇಡಿ ಕೆಸರು ಹಳ್ಳದಲ್ಲಿ ನಿಂತಿತು. ಇಟ್ಟಿಗೆ ಗೂಡುಗಳಿಗೆ ಹೋದ ಕೆರೆ ಮಣ್ಣಿನ ಲೆಕ್ಕ ಯಾರ ಬಳಿಯೂ ಇಲ್ಲ. ಇನ್ನು ಹೂಳೆತ್ತುವ ಹೆಸರಿನಲ್ಲಿ ನಡೆಯುವ ಕೆಲಸವನ್ನು ನೋಡಿ: ಏರಿಗೆ ಹತ್ತಿರದಲ್ಲೇ ಯಂತ್ರ ಇಳಿಸಿ ಆಳವಾದ ಗುಂಡಿ ತೋಡುತ್ತಾರೆ, ತೆಗೆದ ಮಣ್ಣನ್ನು ಅಂಗಳದಲ್ಲೇ ದಿಬ್ಬ ಮಾಡುತ್ತಾರೆ, ಬಿಲ್ಲು ಆಗುತ್ತದೆ. ಮುಂದಿನ ಮಳೆಗೆ ಆ ದಿಬ್ಬ ಕರಗಿ ಮತ್ತೆ ಗುಂಡಿಗೆ. ಮೊದಲು ಬೇಸಿಗೆಯಲ್ಲಿ ರೈತರೇ ಗಾಡಿ ಕಟ್ಟಿಕೊಂಡು ಹೋಗಿ ಗೋಡುಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ ಎರಡೂ ಒಟ್ಟಿಗೆ ಆಗುತ್ತಿತ್ತು. ಯೂರಿಯಾ ಚೀಲ ಬಂದ ಮೇಲೆ ಆ ಪದ್ಧತಿ ನಿಂತಿತು.

ನೀಲಗಿರಿಯ ವಿಚಾರದಲ್ಲಿ ನಮ್ಮ ಜಿಲ್ಲೆ ತೆತ್ತ ಬೆಲೆ ದೊಡ್ಡದು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ರಾಗಿ ಹೊಲಗಳಲ್ಲೂ ಗೋಮಾಳಗಳಲ್ಲೂ ಅದನ್ನು ಹಬ್ಬಿಸಲಾಯಿತು. ಆಳಕ್ಕೆ ಬೇರು ಬಿಡುವ ಈ ಮರ ಬೇಸಿಗೆಯಲ್ಲಿ ಮಣ್ಣಿನ ತೇವವನ್ನು ಹೀರಿ ಒಣಗಿಸಿಬಿಡುವುದರಿಂದ ಮಳೆಗಾಲದ ಮೊದಲ ಮಳೆಗಳೆಲ್ಲ ಆ ಒಣಮಣ್ಣನ್ನು ನೆನೆಸುವುದಕ್ಕೇ ಹೋಗುತ್ತವೆ. ಕಾಲುವೆಗೆ ಹರಿಯಲು ನೀರು ಮಿಗುವುದಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದಷ್ಟೂ ಬುಡದಿಂದ ಚಿಗುರುವ ಹಳೆಯ ತೋಪುಗಳು ಹಾಗೇ ಇವೆ. ಮಳೆ ನಂಬಿ ರಾಗಿ ಬೆಳೆದು ನಷ್ಟ ಮಾಡಿಕೊಳ್ಳುವುದಕ್ಕಿಂತ ಕೆಲವು ವರ್ಷಕ್ಕೊಮ್ಮೆ ಮರ ಮಾರಿದರೆ ಸಾಕೆಂದುಕೊಂಡ ರೈತನನ್ನು ದೂರುವುದು ಸುಲಭ. ಬುಡ ಕೀಳಿಸಲು ಎಕರೆಗೆ ಆಗುವ ಖರ್ಚನ್ನೂ, ಹೊಂಗೆ, ಹುಣಸೆ, ಹಲಸು ಫಲಕ್ಕೆ ಬರುವವರೆಗಿನ ಜೀವನದ ದಾರಿಯನ್ನೂ ಸರ್ಕಾರ ಕೊಟ್ಟರೆ ಮಾತ್ರ ಆ ನಿಷೇಧಕ್ಕೆ ಅರ್ಥ ಬರುತ್ತದೆ.

ಕೊಳವೆಬಾವಿಯ ಕಥೆ ಎಲ್ಲರಿಗೂ ತಿಳಿದದ್ದೇ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ, ಕೆಲವು ಕಡೆ 1,500 ಅಡಿಗೂ ಹೋಗಿ, ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳನ್ನು ಕಂಡಿದ್ದೇವೆ. ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳ ಕೇಂದ್ರದ ಪಟ್ಟಿಯಲ್ಲಿ ಕೋಲಾರದ ತಾಲ್ಲೂಕುಗಳ ಹೆಸರು ಖಾಯಂ ಆಗಿದೆ. ಆದರೆ ಅಂತರ್ಜಲ ಇಳಿದದ್ದರಿಂದ ಕೆರೆಗೂ ನೀರು ಕಡಿಮೆಯಾಗುತ್ತದೆ ಎಂಬ ಸಂಬಂಧ ಅನೇಕರ ಗಮನಕ್ಕೆ ಬಂದಿಲ್ಲ. ಮೊದಲು ಮಳೆಗಾಲ ಮುಗಿದ ಮೇಲೂ ಹಳ್ಳಗಳಲ್ಲಿ ಒರತೆ ಒಸರುತ್ತಿತ್ತು, ಆ ಸಣ್ಣ ಹರಿವು ಕೆರೆಯನ್ನು ಕಾಯುತ್ತಿತ್ತು. ಈಗ ನೆಲದಡಿಯ ನೀರು ಹಳ್ಳದ ತಳಕ್ಕಿಂತ ಎಷ್ಟೋ ಕೆಳಗಿರುವುದರಿಂದ ಹಳ್ಳಕ್ಕೆ ಬಂದ ನೀರೇ ಕೆಳಕ್ಕೆ ಇಳಿದುಹೋಗುತ್ತದೆ. ನಮ್ಮ ಪಕ್ಕದಲ್ಲೇ, ಅದೇ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಏಕೆ ಬತ್ತಿತು ಎಂದು ಏಟ್ರೀ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಸೂಚಿಸುತ್ತದೆ. ಮಳೆಯ ಕೊರತೆಯಾಗಲಿ ತಾಪಮಾನದ ಏರಿಕೆಯಾಗಲಿ ಆ ನದಿಯ ಸ್ಥಿತಿಯನ್ನು ವಿವರಿಸಲು ಸಾಲದು. ಅಂತರ್ಜಲದ ಬಳಕೆ, ನೀಲಗಿರಿ, ಹಳ್ಳಗಳನ್ನು ತುಂಡು ತುಂಡು ಮಾಡಿದ ತಡೆಗಳು ಹೆಚ್ಚು ಸಂಭವನೀಯ ಕಾರಣಗಳು ಎಂದು ಅವರು ಕಂಡುಕೊಂಡರು. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೆಸರಘಟ್ಟ ಕೆರೆ ಇದೇ ಅರ್ಕಾವತಿಯ ಮೇಲಿದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ನಾವೇ ಉತ್ಸಾಹದಿಂದ ಕಟ್ಟಿಸಿದ ಚೆಕ್ ಡ್ಯಾಂ, ಕೃಷಿಹೊಂಡಗಳೂ ಕೆಳಗಿನ ಕೆರೆಯ ಪಾಲನ್ನು ಮೇಲೆಯೇ ಹಿಡಿಯುತ್ತವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅವು ಬೇಡವೆಂದು ನಾನು ಹೇಳುವುದಿಲ್ಲ. ಒಂದು ಜಲಾನಯನದಲ್ಲಿ ಎಷ್ಟು, ಎಲ್ಲಿ ಎಂಬುದನ್ನು ಕೆಳಗಿನ ಕೆರೆಯನ್ನು ಗಮನದಲ್ಲಿಟ್ಟುಕೊಂಡು ತೀರ್ಮಾನಿಸುವವರು ಯಾರಾದರೂ ಇರಬೇಕು.

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಉಪಗ್ರಹ ಚಿತ್ರಗಳ ನೆರವಿನಿಂದ ಜಗತ್ತಿನ ಸುಮಾರು ಎರಡು ಸಾವಿರ ದೊಡ್ಡ ಸರೋವರ ಮತ್ತು ಜಲಾಶಯಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, 1992ರಿಂದ 2020ರ ಅವಧಿಯಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನೀರು ಕಳೆದುಕೊಂಡಿವೆ ಎಂದು ತೋರಿಸಿತು. ನೈಸರ್ಗಿಕ ಸರೋವರಗಳ ಇಳಿಕೆಗೆ ತಾಪಮಾನದ ಏರಿಕೆ ಮತ್ತು ಮನುಷ್ಯನ ನೀರಿನ ಬಳಕೆ ಮುಖ್ಯ ಕಾರಣವಾದರೆ, ಕಟ್ಟಿದ ಜಲಾಶಯಗಳಲ್ಲಿ ಹೂಳು ಮುಖ್ಯ ಕಾರಣ ಎಂದು ಅದು ಹೇಳಿತು. ಅರಲ್ ಸಮುದ್ರದಂಥ ವಿಶಾಲ ಸರೋವರ ಹತ್ತಿ ಬೆಳೆಗಾಗಿ ನದಿಗಳನ್ನು ತಿರುಗಿಸಿದ್ದರಿಂದ ಕೆಲವೇ ದಶಕಗಳಲ್ಲಿ ಕುಗ್ಗಿಹೋಯಿತು. 2005ರಲ್ಲಿ ಕಜಕಸ್ತಾನ ಕಟ್ಟಿದ ಒಡ್ಡಿನಿಂದಾಗಿ ಅದರ ಉತ್ತರದ ಚಿಕ್ಕ ಭಾಗಕ್ಕೆ ನೀರೂ ಮೀನೂ ಮರಳಿದವು. ಮನುಷ್ಯ ಕೆಡಿಸಿದ್ದನ್ನು ಮನುಷ್ಯನೇ ಸ್ವಲ್ಪಮಟ್ಟಿಗಾದರೂ ಸರಿಪಡಿಸಬಹುದು ಎಂಬ ಧೈರ್ಯಕ್ಕಾಗಿ ಇದನ್ನು ಹೇಳಿದೆ.

ಕೆ.ಸಿ. ವ್ಯಾಲಿಯ ವಿಚಾರಕ್ಕೆ ಬರುತ್ತೇನೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ 126 ಕೆರೆಗಳಿಗೆ ತುಂಬಿಸುವ ಈ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲಿಗೆ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಮರುತಿಂಗಳೇ ನೊರೆ ಕಾಣಿಸಿಕೊಂಡು ಹೈಕೋರ್ಟ್ ತಡೆ ನೀಡಿತು. ಸುಪ್ರೀಂ ಕೋರ್ಟ್‌ವರೆಗೆ ಹೋದ ವಿವಾದ 2019ರಲ್ಲಿ ಬಗೆಹರಿದು ನೀರು ಮುಂದುವರಿಯಿತು. ಇದರಿಂದ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂದದ್ದು, ಅಂತರ್ಜಲ ಮೇಲೇರಿದ್ದು ಸತ್ಯ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಅದನ್ನು ದಾಖಲಿಸಿದೆ. ಈ ಉಪಕಾರವನ್ನು ಪಡೆದ ರೈತರನ್ನು ನಾನು ದಿನವೂ ನೋಡುತ್ತೇನೆ, ಹಾಗಾಗಿ ಈ ನೀರು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬರುತ್ತಿರುವುದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಅದರಲ್ಲಿ ಉಳಿಯುವ ಸಾರಜನಕ, ರಂಜಕಗಳು ನಿಂತ ನೀರಿನಲ್ಲಿ ಪಾಚಿಗೂ ತೇಲುಕಳೆಗೂ ಆಹಾರವಾಗುತ್ತವೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ಬೆಂಕಿ ಹೊತ್ತಿಕೊಂಡದ್ದನ್ನು ಇಡೀ ದೇಶವೇ ನೋಡಿದೆ. ನಮಗೆ ನೀರು ಬರುತ್ತಿರುವುದು ಅದೇ ಕಣಿವೆಯಿಂದ. ಮೂರನೇ ಹಂತದ ಸಂಸ್ಕರಣೆ ಮಾಡಿ ಎಂದು ಈ ಜಿಲ್ಲೆಯ ಜನ ಮೊದಲಿನಿಂದ ಕೇಳುತ್ತಾ ಬಂದದ್ದು ಐಷಾರಾಮದ ಬೇಡಿಕೆಯಲ್ಲ. ನಾವು ಕುಡಿಯುವುದು ಆ ಕೆರೆಗಳ ಕೆಳಗಿನ ಕೊಳವೆಬಾವಿಗಳ ನೀರನ್ನೇ. ಕೆರೆವಾರು, ತಿಂಗಳುವಾರು ನೀರಿನ ಪರೀಕ್ಷೆ ಮಾಡಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸುವುದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ.

ನನ್ನ ಹೆಚ್ಚಿನ ಆತಂಕ ಇನ್ನೊಂದು. ಕೊಳವೆಯಲ್ಲಿ ನೀರು ಬರುತ್ತದೆಂಬ ಧೈರ್ಯ ಬಂದ ಮೇಲೆ ಕಾಲುವೆಯ ಚಿಂತೆ ಯಾರಿಗೂ ಇಲ್ಲವಾಗಿದೆ. ಪಶ್ಚಿಮಘಟ್ಟದ ನೀರನ್ನು ಈ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಬಗ್ಗೆಯೂ ಹೀಗೆಯೇ. 24 ಟಿಎಂಸಿ ನೀರನ್ನು ಏಳು ಜಿಲ್ಲೆಗಳಿಗೆ ಹಂಚಿ 527 ಕೆರೆ ತುಂಬಿಸುವುದಾಗಿ ಹೇಳುವ ಆ ಯೋಜನೆಯ ಅಂದಾಜು ವೆಚ್ಚ 8,323 ಕೋಟಿ ರೂಪಾಯಿಯಿಂದ 23 ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ಆ ಮೊತ್ತದ ಒಂದು ಚಿಕ್ಕ ಪಾಲನ್ನು ಈ ಏಳು ಜಿಲ್ಲೆಗಳ ರಾಜಕಾಲುವೆಗಳಿಗೆ ಮೀಸಲಿಟ್ಟಿದ್ದರೆ ಎನ್ನುವ ಪ್ರಶ್ನೆಯನ್ನು ಕೇಳಿದರೆ ನಮ್ಮನ್ನು ಯೋಜನೆಯ ವಿರೋಧಿಗಳೆಂದು ಕರೆಯುತ್ತಾರೆ. ಪಂಪಿನ ನೀರಿಗೆ ವಿದ್ಯುತ್ ಬೇಕು, ಬೇರೊಂದು ಊರಿನ ಒಪ್ಪಿಗೆ ಬೇಕು. ಕಾಲುವೆಯ ನೀರು ಇಳಿಜಾರು ಹಿಡಿದು ತಾನೇ ಬರುತ್ತದೆ.

ತುಂಬಿದ ಕೆರೆಯ ಅಪಾಯವನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. 1903ರ ನವೆಂಬರ್‌ನಲ್ಲಿ ಪಾಲಾರ್ ಸಾಲಿನ ಕೆರೆಗಳು ಭಾರಿ ಮಳೆಗೆ ಒಡೆದು, ನದಿಯ ಕೆಳಗಿನ ವಾಣಿಯಂಬಾಡಿ ಪಟ್ಟಣ ಕೊಚ್ಚಿಹೋಗುವಂಥ ಪ್ರವಾಹ ಬಂದಿತ್ತು. ಒಂದು ಕೆರೆ ಒಡೆದರೆ ಅದರ ನೀರಿನ ರಭಸಕ್ಕೆ ಕೆಳಗಿನದೂ ಒಡೆಯುತ್ತದೆ; ಸರಪಳಿಯ ಗುಣವೇ ಅದು. ಈಗ ಕೊಳವೆ ನೀರಿನಿಂದ ವರ್ಷವಿಡೀ ತುಂಬಿರುವ ಕೆರೆಗಳಲ್ಲಿ ಅಕ್ಟೋಬರ್ ತಿಂಗಳ ಹೊಸ ನೀರಿಗೆ ಜಾಗವೇ ಇರುವುದಿಲ್ಲ. ಅದರ ಮೇಲೆ ಕೋಡಿಯ ಬಾಯಲ್ಲಿ ಮನೆ, ಕೋಡಿ ಕಾಲುವೆಯಲ್ಲಿ ಬಡಾವಣೆ. ಮೀನು ಹೊರಗೆ ಹೋಗದಂತೆ ಕೋಡಿಗೆ ಬಲೆ ಕಟ್ಟಿ, ನೀರು ಹೆಚ್ಚು ನಿಲ್ಲಲೆಂದು ಮರಳು ಚೀಲ ಪೇರಿಸುವವರೂ ಇದ್ದಾರೆ. ಮುಂಗಾರಿನ ಕೊನೆಗೆ ಈ ಕೆರೆಗಳ ಮಟ್ಟವನ್ನು ಒಂದಿಷ್ಟು ಇಳಿಸಿಟ್ಟುಕೊಳ್ಳುವ ನಿಯಮವನ್ನು ಸಣ್ಣ ನೀರಾವರಿ ಇಲಾಖೆ ಈಗಲೇ ಮಾಡಬೇಕು. ಮಳೆಯ ಸ್ವಭಾವ ಬದಲಾಗುತ್ತಿರುವಾಗ ಏರಿ ಒಡೆದ ಮೇಲೆ ಪರಿಹಾರ ಕೊಡುತ್ತೇವೆ ಎಂಬುದು ಸರಿಯಾದ ಸಿದ್ಧತೆಯಲ್ಲ.

ಕೆರೆಗೆ ಯಜಮಾನ ಯಾರು ಎಂದು ಹುಡುಕಹೊರಟರೆ ತಲೆ ತಿರುಗುತ್ತದೆ. ಜಾಗ ಕಂದಾಯ ಇಲಾಖೆಯದು. ಅಚ್ಚುಕಟ್ಟು, ಅಂದರೆ ಕೆರೆಯ ನೀರಾವರಿಯ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್‌ರಾಜ್ ವ್ಯವಸ್ಥೆಗೆ, ಹೆಚ್ಚಿದ್ದರೆ ಸಣ್ಣ ನೀರಾವರಿಗೆ. ಮೀನಿನ ಹರಾಜು ಒಬ್ಬರದು, ಅಂಚಿನ ಗಿಡಗಳು ಇನ್ನೊಬ್ಬರದು, ಮಣ್ಣು ಮರಳು ಮತ್ತೊಬ್ಬರದು. ಕಾಲುವೆ ಮಾತ್ರ ಯಾರದೂ ಅಲ್ಲ. ಹಿಂದೆ ಅದಕ್ಕೆ ನೀರುಗಂಟಿ ಇದ್ದ. ಮಳೆಗಾಲಕ್ಕೆ ಮೊದಲು ಕಾಲುವೆಯುದ್ದಕ್ಕೂ ನಡೆದು ಎಲ್ಲಿ ಕಟ್ಟಿಕೊಂಡಿದೆ ನೋಡಿ ಊರವರನ್ನು ಕರೆಯುವುದು, ರಾತ್ರಿ ಮಳೆ ಬಂದರೆ ಲಾಟೀನು ಹಿಡಿದು ಏರಿಯ ಮೇಲೆ ಓಡಾಡುವುದು, ತೂಬು ಎತ್ತಿ ಮೇಲುಗದ್ದೆ ಕೆಳಗದ್ದೆ ಎನ್ನದೆ ನೀರು ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಹೋಗುತ್ತಿತ್ತು. ಬಹುತೇಕ ದಲಿತ ಕುಟುಂಬಗಳ ಮೇಲೆ ಹುಟ್ಟಿನಿಂದ ಹೇರಿದ ಹೊಣೆ ಅದು, ಆ ಪದ್ಧತಿಯಲ್ಲಿ ಅನ್ಯಾಯವಿತ್ತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು ವಂಶಪಾರಂಪರ್ಯ ಹೋದದ್ದು ನ್ಯಾಯವೇ. ಆದರೆ ಆ ಕೆಲಸವನ್ನು ಸಂಬಳ, ಗೌರವ, ಅಧಿಕಾರ ಕೊಟ್ಟು ಮಾಡಿಸುವ ಹೊಸ ವ್ಯವಸ್ಥೆ ಅದರ ಜಾಗಕ್ಕೆ ಬರಲಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕೆರೆಗಳಿಗೆಂದೇ ಒಬ್ಬ ಖಾಯಂ ನೌಕರನನ್ನು, ಯಾವ ಜಾತಿಯವರಾದರೂ, ಹೆಣ್ಣಾದರೂ ಗಂಡಾದರೂ, ನೇಮಿಸಿದರೆ ಆಗುವ ಖರ್ಚು ಒಂದು ಹೂಳೆತ್ತುವ ಗುತ್ತಿಗೆಯ ಮುಂದೆ ಏನೂ ಅಲ್ಲ.

ಒತ್ತುವರಿ ತೆರವೆಂದರೆ ದೊಡ್ಡ ಗಲಾಟೆಯಾಗುತ್ತದೆ, ಬಡವರ ಗುಡಿಸಲು ಮಾತ್ರ ಹೋಗುತ್ತದೆ ಎಂಬ ಭಯ ಹಳ್ಳಿಗಳಲ್ಲಿದೆ, ಅದು ಸುಳ್ಳಲ್ಲ. ಆದ್ದರಿಂದ ಮೊದಲು ಅಳತೆಯಾಗಲಿ. ಹಳೆಯ ಗ್ರಾಮ ನಕ್ಷೆ ಹಿಡಿದು ಸರ್ವೆಯರ್, ಗ್ರಾಮ ಆಡಳಿತ ಅಧಿಕಾರಿ ಮತ್ತು ಆ ಊರಿನ ಹಿರಿಯರು ಒಟ್ಟಿಗೆ ನಡೆದು ಕಾಲುವೆಯ ಎರಡೂ ಬದಿಗೆ ಕಲ್ಲು ನೆಡಲಿ. ರಸ್ತೆ ಮಾಡುವ ಇಲಾಖೆಗಳು ತಾವು ತಪ್ಪು ಎತ್ತರದಲ್ಲಿ ಇಟ್ಟ ಪೈಪುಗಳನ್ನು ತಮ್ಮ ಖರ್ಚಿನಲ್ಲೇ ಸರಿಮಾಡಲಿ. ಅದಕ್ಕೆ ಯಾರ ಜಮೀನೂ ಹೋಗುವುದಿಲ್ಲ, ಯಾರ ಮನೆಯೂ ಬೀಳುವುದಿಲ್ಲ. ಉದ್ಯೋಗ ಖಾತರಿ ಕೆಲಸವನ್ನು ಕೆರೆಯ ಗುಂಡಿಗಿಂತ ಮೊದಲು ಕಾಲುವೆಗೆ ಕೊಡಲಿ. ಜಿಲ್ಲೆಯ ಎಲ್ಲ ಕೆರೆಗಳಿಗೂ ಒಮ್ಮೆಲೇ ಕೈಹಾಕುವ ಘೋಷಣೆ ನಮಗೆ ಬೇಡ. ತಾಲ್ಲೂಕಿಗೊಂದು ಸರಪಳಿಯನ್ನು ಆರಿಸಿಕೊಂಡು, ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಕಾಲುವೆಯ ಅಳತೆ, ತಡೆಗಳ ಪಟ್ಟಿ ಮತ್ತು ಅವನ್ನು ತೆಗೆಯಬೇಕಾದ ಇಲಾಖೆಯ ಹೆಸರನ್ನು ಬರುವ ಮುಂಗಾರಿಗೆ ಮೊದಲು ಜಿಲ್ಲಾಡಳಿತ ಪ್ರಕಟಿಸಬೇಕೆಂದು ಒತ್ತಾಯಿಸುತ್ತೇನೆ. ಆ ಪಟ್ಟಿ ಹೊರಬಂದರೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದನ್ನು ಅಚ್ಚುಮಾಡಿ, ಹಿಂಗಾರು ಮಳೆ ಮುಗಿದ ಮೇಲೆ ಎಷ್ಟು ತಡೆಗಳು ತೆರವಾದವು ಎಂಬುದನ್ನೂ ವರದಿ ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಳಬಾಗಿಲು ತಾಲ್ಲೂಕಿನ ಒಬ್ಬ ರೈತ